ಅಳೆಯದ ಭಯ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರೇ, ಮಾತಾಪಿತೃಗಳೇ,

ಪ್ರತಿ ವರುಷವೂ ಪರೀಕ್ಷೆಯ ಫಲಿತಾಂಶವು ಹೊರಬಿದ್ದೊಡನೆ ಗುತ್ತಲಿನ ತಂದೆತಾಯಿಗಳು ಕೆಲವರು ನನ್ನ ಬಳಿಗೆ ಬಂದು, “ಅಮ್ಮನವರೇ, ಮಗಳು ವಿಜ್ಞಾನದಲ್ಲಿ ಚುರುಕು, ಆದರೂ ಹೆಣ್ಣುಮಗಳನ್ನು ಓದಿಗಾಗಿ ದೂರಕ್ಕೆ ಕಳುಹಿಸಲು ಭಯವಾಗುತ್ತದೆ” ಎನ್ನುವುದುಂಟು. ಭಯಪಡುವುದು ತಪ್ಪೆಂದು ನಾನು ಹೇಳಲಾರೆನು. ಆದರೆ ಅಳೆಯದ ಭಯಕ್ಕೆ ಅಧೀನರಾಗುವುದು ವಿವೇಕವಲ್ಲ. ಇದಕ್ಕೊಂದು ದೃಷ್ಟಾಂತವನ್ನು ಕೊಡುವೆನು.

2008ನೆಯ ಇಸವಿ ಅಕ್ಟೋಬರ್ 22ರಂದು ಶ್ರೀಹರಿಕೋಟೆಯಿಂದ ಹೊರಟ ಚಂದ್ರಯಾನ-1 ಎಂಬ ನೌಕೆಯು ನಮ್ಮ ಬೆಂಗಳೂರಿನಲ್ಲಿಯೇ ನಿರ್ಮಿತವಾದದ್ದು. ಬಲ್ಗೇರಿಯ ದೇಶದ ವಿಜ್ಞಾನಿಗಳು ಮಾಡಿಕೊಟ್ಟ ರೇಡಂ ಎಂಬ ಚಿಕ್ಕದೊಂದು ವಿಕಿರಣಮಾಪಕವೂ ಅದರಲ್ಲಿತ್ತು. ಭೂಮಿಯ ಅಯಸ್ಕಾಂತಶಕ್ತಿಯು ಎಲೆಕ್ಟ್ರಾನು, ಪ್ರೋಟಾನುಗಳನ್ನು ಸೆರೆಹಿಡಿದು ತನ್ನ ಸುತ್ತಲೂ ವಲಯಗಳಂತೆ ಇರಿಸಿಕೊಂಡಿದೆ. ಇದು 1958ರಿಂದ ಲೋಕಕ್ಕೆ ತಿಳಿದ ಸಂಗತಿ. ಈ ಕಣಗಳು ಕಣ್ಣಿಗೆ ಕಾಣವು. ಆದರೂ ಯಂತ್ರವನ್ನು ಕೆಡಿಸಬಲ್ಲವು, ದೇಹಕ್ಕೆ ಹಾನಿಮಾಡಬಲ್ಲವು. ಇವನ್ನು ಅಳೆಯುವ ಉಪಕರಣವನ್ನು ದಪ್ಪ ಗೋಡೆಗಳ ಮರೆಯಲ್ಲಿಟ್ಟರೆ ಗೋಡೆಯು ಕೆಲವು ಕಣಗಳನ್ನು ತಡೆಯುವುದು, ಬೇರೆ ಕೆಲವನ್ನು ತಾನೇ ಹುಟ್ಟಿಸುವುದು. ಅಂಗಳದ ಬಿಸಿಲೆಷ್ಟೆಂದು ಅರಿಯಬೇಕಾದವನು ಉಷ್ಣಮಾಪಕವನ್ನು ನಡುಮನೆಯಲ್ಲಿ ತೂಗುಹಾಕುವನೇ? ಆದಕಾರಣ ಹೊರಗಿನ ನಿಜವನ್ನು ಹೊರಗೇ ಅಳೆಯಬೇಕಾಯಿತು.

ಅಳೆದಾಗ ಕಂಡದ್ದೇನು? ಚಂದ್ರನ ಬಳಿ ಗಂಟೆಗೆ ಸುಮಾರು 10 ಮೈಕ್ರೋಗ್ರೇ. ದಾರಿಯಲ್ಲಿ ದಾಟಿದ ವಲಯಗಳಲ್ಲಾದರೋ ಅದರ ಸಾವಿರ ಪಟ್ಟಿಗೂ ಮಿಗಿಲು. ಅಂದರೆ ಅಪಾಯವು ಎಲ್ಲೆಲ್ಲಿಯೂ ಒಂದೇ ಸಮನಾಗಿಲ್ಲ. ಎಲ್ಲಿ ಬೇಗನೆ ದಾಟಬೇಕು, ಎಲ್ಲಿ ಎಷ್ಟು ಮರೆ ಬೇಕು ಎಂಬುದನ್ನು ಅಳತೆಯೇ ತಿಳಿಸಿಕೊಡುತ್ತದೆ.

ಪ್ರಿಯರೇ, ಮಗಳ ವಿಷಯದಲ್ಲಿಯೂ ಹೀಗೆಯೇ ಮಾಡಿರಿ. ನಡುಮನೆಯಲ್ಲಿ ಕುಳಿತು ಊರಾಚೆಯ ಲೋಕವನ್ನು ತೂಗಬೇಡಿರಿ. ನೀವೇ ಹೋಗಿ ಕಾಲೇಜನ್ನೂ ವಿದ್ಯಾರ್ಥಿನಿಲಯವನ್ನೂ ನೋಡಿರಿ, ಮೇಲ್ವಿಚಾರಕಿಯೊಡನೆ ಮಾತನಾಡಿರಿ, ಖರ್ಚನ್ನು ಲೆಕ್ಕಹಾಕಿರಿ. ಗೋಪುರವನ್ನು ಕಟ್ಟುವುದಕ್ಕೆ ಮೊದಲು ಕುಳಿತು ಲೆಕ್ಕಮಾಡುವವನ ಸಾಮ್ಯವನ್ನು ನಮ್ಮ ಕರ್ತನು ಹೇಳಿದ್ದು ಗೋಪುರವನ್ನೇ ಕಟ್ಟಬಾರದೆಂದಲ್ಲವಷ್ಟೆ. ಹಳೆಯ ವಿದ್ಯಾರ್ಥಿನಿಯರೇ, ಹೊರಗಿನ ನಿಜವನ್ನು ಕಂಡುಬಂದವರು ನೀವು. ನಿಮ್ಮ ತಂಗಿಯರ ತಂದೆತಾಯಿಗಳಿಗೆ ಅಲ್ಲಿಯ ಕಷ್ಟವನ್ನೂ ಸುಖವನ್ನೂ ಮರೆಮಾಚದೆ ತಿಳಿಸಿರಿ.

2023ರಲ್ಲಿ ಸೂರ್ಯನ ಕಣಗಳನ್ನು ಅಳೆಯಲು ಹೊರಟ ಆದಿತ್ಯ-ಎಲ್1 ಯೋಜನೆಯ ನಿರ್ದೇಶಕಿಯಾಗಿದ್ದವರು ನಿಗಾರ್ ಶಾಜಿ ಎಂಬ ಸ್ತ್ರೀ. ಆಕೆಯೂ ಒಂದು ಸಣ್ಣ ಊರಿನಿಂದ ಹೊರಟವರೇ. ಅಳೆದ ಮೇಲೆಯೂ ಅಪಾಯವು ಹೆಚ್ಚೆಂದು ಕಂಡರೆ ಮಗಳನ್ನು ತಡೆಯಿರಿ, ನಾನು ಎದುರಾಡೆನು. ಅಳೆಯದೆ ಮಾತ್ರ ತಡೆಯಬೇಡಿರಿ.