ಸ್ಲ್ಯಾಬ್ ಹಾಕಿದರೆ ಊರು ಉದ್ಧಾರ ಆಯ್ತಾ?

"ನಿಮ್ಮೂರು ಭಾರೀ ಡೆವಲಪ್ ಆಗೇತಿ ಬಿಡಪಾ" ಅಂತ ದಿಗ್ಗೇವಾಡಿಗೆ ಬಂದುಹೋದವರು ಹೇಳುವಾಗ ಅವರು ಕೈ ತೋರಿಸೋದು ಮನೆಗಳ ಕಡೆಗೆ. ಎರಡಂತಸ್ತು, ಮುಂದೆ ಸ್ಟೀಲ್ ರೇಲಿಂಗು, ಮೇಲೆ ನೀರಿನ ಟಾಕಿ. ಮನೆ ಕಟ್ಟೋದನ್ನೇ ಅಭಿವೃದ್ಧಿ ಅಂತ ಕರೆಯುವ ಈ ಚಾಳಿಯ ಬಗ್ಗೆ ನನಗೆ ತಕರಾರಿದೆ.

ಲೆಕ್ಕ ಸರಳ. ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡ ಸೀಮೆಯ ಬದುಕು ನಿಂತಿರೋದು ಹೊರಗೆ ಮಾರುವ ಸರಕಿನ ಮೇಲೆ. ಕೃಷ್ಣೆಯ ನೀರಲ್ಲಿ ಬೆಳೆದ ಕಬ್ಬು ಸಕ್ಕರೆಯಾಗಿ ಹೊರಗೆ ಹೋಗುತ್ತೆ, ಅರಿಶಿಣ ಸಾಂಗ್ಲಿ ಪೇಟೆಗೆ, ನಿಪ್ಪಾಣಿಯ ತಂಬಾಕು ಬೀಡಿಯಾಗಿ ಎಲ್ಲೆಲ್ಲಿಗೋ. ಹಾಗೆ ಬಂದ ದುಡ್ಡನ್ನು ಮನೆಯ ಮೇಲೆ ಸುರೀತೀವಿ. ಆಮೇಲೆ? ಟೈಲ್ಸಿನ ದುಡ್ಡು ಗುಜರಾತಿನ ಮೋರ್ಬಿಗೆ, ಮಾರ್ಬಲ್ಲಿನದು ರಾಜಸ್ಥಾನಕ್ಕೆ, ಕಬ್ಬಿಣದ್ದು ಬಳ್ಳಾರಿ ಕಡೆಗೆ. ಸಿಮೆಂಟ್ ನಮ್ಮ ಜಿಲ್ಲೆಯ ಯಾದವಾಡದಲ್ಲೇ ತಯಾರಾಗುತ್ತಲ್ಲ ಅಂತೀರಾ? ಕಾರ್ಖಾನೆ ಹತ್ತಿರ ಇದೆ, ಅದರ ಲಾಭ ಹತ್ತಿರ ಇಲ್ಲ. ಸಾಲದ್ದಕ್ಕೆ 2017ರಿಂದ 2025ರ ಸೆಪ್ಟೆಂಬರ್ ತನಕ ಸಿಮೆಂಟಿನ ಮೇಲೆ 28% ಜಿಎಸ್‌ಟಿ ಕಟ್ಟಿದ್ದೇವೆ; ಈಗ 18%. ಊರಲ್ಲಿ ಉಳಿಯೋದು ಇಟ್ಟಿಗೆಗೆ ಮಣ್ಣು ಕೊಟ್ಟು ತಗ್ಗಾದ ಹೊಲ, ಮತ್ತೆ ಗೌಂಡಿಯ ಪಗಾರ.

ಆ ಪಗಾರ ಸಣ್ಣ ಮಾತಲ್ಲ. ಹೊಲ ಇಲ್ಲದವನಿಗೆ ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ ಅನ್ನ ಕೊಟ್ಟಿದೆ. ಅವನಿಂದಲೇ ಕಿರಾಣಿ ಅಂಗಡಿ, ಚಹಾದಂಗಡಿ ನಡೆಯುತ್ತೆ. 2019ರ ಮಹಾಪೂರದಲ್ಲಿ ಕೃಷ್ಣೆ ಮಣ್ಣಿನ ಗೋಡೆ ಕೆಡವಿದ್ದನ್ನು ಕಂಡವರು ಪಕ್ಕಾ ಮನೆ ಬೇಡ ಅನ್ನೋಕೂ ಆಗಲ್ಲ. ನನ್ನ ವಾದ ಇಷ್ಟೇ: ನಮ್ಮ ಕಡೆ ಕಟ್ಟಡ ಕೆಲಸ ಅನ್ನೋದು ಟ್ರ್ಯಾಕ್ಟರಿಗೆ ಜೋಡಿಸಿದ ಟ್ರೇಲರು. ಮುಂದೆ ಎಳೆಯೋದು ಕಬ್ಬು. ಅದು ನಿಂತರೆ ಇದೂ ನಿಂತಿತು.

ಹೇಗೆ ನಿಲ್ಲುತ್ತೆ ನೋಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ. ಬಿಲ್ಲು ಬಾಕಿ ಬಿದ್ದಾಗ ರೈತ ಮೊದಲು ನಿಲ್ಲಿಸೋದು ಅರ್ಧ ಎದ್ದ ಗೋಡೆಯನ್ನು. ರೈತ ರಸ್ತೆಗಿಳಿದು ಕೇಳಬಲ್ಲ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕೂತು ಟನ್ನಿಗೆ 3,300 ರೂಪಾಯಿಯ ಮಾತಿಗೆ ಸರಕಾರವನ್ನು ಎಳೆದು ತಂದ. ಆದರೆ ಕೆಲಸ ನಿಂತ ಗೌಂಡಿ ಯಾರನ್ನ ಕೇಳಬೇಕ್ರೀ?

ಅವನಿಗಾಗಿ ಕಾನೂನಿದೆ. ಕಟ್ಟಡದ ವೆಚ್ಚದ ಮೇಲೆ ಸೆಸ್ ಎತ್ತಿ ಕಾರ್ಮಿಕರ ಕಲ್ಯಾಣಕ್ಕೆ ಬಳಸುವ ವ್ಯವಸ್ಥೆ 1996ರಲ್ಲೇ ಬಂತು. ಆದರೆ ಸ್ವಂತ ವಾಸಕ್ಕೆ ಕಟ್ಟುವ 10 ಲಕ್ಷದೊಳಗಿನ ಮನೆ ಅದರ ಹೊರಗಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಆ ಗೆರೆಯನ್ನು 50 ಲಕ್ಷಕ್ಕೆ ಏರಿಸಿತು. ನಮ್ಮ ಹಳ್ಳಿಗಳಲ್ಲಿ 50 ಲಕ್ಷ ದಾಟುವ ಮನೆ ಎಷ್ಟಿವೆ? ಇನ್ನು ಕಾರ್ಮಿಕ ಕಾರ್ಡು ಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಕೊಡಬೇಕು. ಈ ವಾರ ಒಬ್ಬರ ಗೋಡೆ, ಮುಂದಿನ ವಾರ ಇನ್ನೊಬ್ಬರ ಗಿಲಾಯಿ ಅಂತ ಅಲೆಯುವವನಿಗೆ ಅದನ್ನು ಬರೆದುಕೊಡೋರು ಯಾರು?

ದೊಡ್ಡ ದೇಶಗಳೂ ಇಲ್ಲೇ ಎಡವಿವೆ. ಐರ್ಲೆಂಡ್ 1990ರ ದಶಕದಲ್ಲಿ ರಫ್ತಿನಿಂದ ಮೇಲೆದ್ದ ದೇಶ. 2000ದ ನಂತರ ಮನೆ ಕಟ್ಟೋದನ್ನೇ ಬೆಳವಣಿಗೆ ಅಂತ ನಂಬಿತು. 2008ರಲ್ಲಿ ಗುಳ್ಳೆ ಒಡೆಯಿತು, 2010ರಲ್ಲಿ ಐಎಂಎಫ್ ಮತ್ತು ಯುರೋಪಿಯನ್ ಒಕ್ಕೂಟದ ಮುಂದೆ ಕೈಚಾಚಬೇಕಾಯ್ತು. ಮುಂದೆ ಅದು ಚೇತರಿಸಿಕೊಂಡದ್ದೂ ರಫ್ತಿನ ಬಲದಿಂದಲೇ.

ಬೆಂಗಳೂರು, ಪುಣೆಯಲ್ಲಿ ಕೂತು ಊರಲ್ಲಿ ಮನೆ ಕಟ್ಟಿಸುವ ಗೆಳೆಯರಿಗೆ ಒಂದು ಪ್ರಶ್ನೆ. ವರ್ಷಕ್ಕೆ ಎರಡು ಸಲ ಬೀಗ ತೆಗೆಯುವ ಮನೆಗೆ ಮೇಲಂತಸ್ತು ಯಾರಿಗಾಗಿ? ಅದೇ ದುಡ್ಡು ಅರಿಶಿಣ ಪುಡಿ ಮಾಡಿ ಪ್ಯಾಕ್ ಮಾಡುವ ಒಂದು ಸಣ್ಣ ಘಟಕಕ್ಕೆ ಹೋದರೆ ಹೊರಗಿನ ದುಡ್ಡು ಊರಿಗೆ ಬರುತ್ತೆ, ಸ್ಲ್ಯಾಬ್ ಮುಗಿದ ಮೇಲೂ ಕೆಲಸ ಇರುತ್ತೆ. ಕಟ್ಟಲೇಬೇಕಾ? ಕಟ್ಟಿ. ಆದರೆ ಗೌಂಡಿಗೂ ಅವನ ಕೈಕೆಳಗಿನವರಿಗೂ ದುಡಿದ ದಿನಗಳನ್ನು ಬರೆದು, ಸಹಿ ಹಾಕಿ ಕೊಡಿ. ಕಬ್ಬಿನ ಬಿಲ್ಲು ಬಂದಿಲ್ಲ ಅಂತ ಅವರ ಪಗಾರ ತಡೀಬೇಡಿ. ವಾಸ್ತುಶಾಂತಿಗೆ ಊರಿಗೆಲ್ಲ ಉಣಬಡಿಸೋದಕ್ಕಿಂತ ಇದು ಸೋವಿ.