ಮುಕ್ತ ತಂತ್ರಾಂಶವೂ ನಮ್ಮ ಕನ್ನಡ ಸಂಘಗಳೂ

ನಮ್ಮ ಕಚೇರಿಯ ಕಪಾಟಿನಲ್ಲಿ ಎರಡು ಬಗೆಯ ಹಳೆಯ ದಾಖಲೆಗಳಿವೆ. ಮಸಿಯಲ್ಲಿ ಬರೆದ ಲೆಕ್ಕದ ಪುಸ್ತಕಗಳನ್ನೂ ಅಚ್ಚಾದ ಸಂಚಿಕೆಗಳನ್ನೂ ಇಂದಿಗೂ ತೆಗೆದು ಓದಬಹುದು. ಗೆದ್ದಲು ತಿಂದಷ್ಟೇ ನಷ್ಟ. ಆದರೆ ಹದಿನೈದು ಇಪ್ಪತ್ತು ವರುಷಗಳ ಹಿಂದೆ ಕಂಪ್ಯೂಟರಿನಲ್ಲಿ ಜೋಡಿಸಿ ಸೀಡಿಗಳಲ್ಲಿ ಜೋಪಾನವಾಗಿರಿಸಿದ ಪುಟಗಳನ್ನು ಕಳೆದ ತಿಂಗಳು ಹೊಸ ಯಂತ್ರದಲ್ಲಿ ತೆರೆದಾಗ ಕನ್ನಡದ ಒಂದಕ್ಷರವೂ ಕಾಣಿಸಲಿಲ್ಲ. ರೋಮನ್ ಅಕ್ಷರಗಳೂ ಚಿಹ್ನೆಗಳೂ ಕೂಡಿದ ಕಲಸುಮೇಲೋಗರವೊಂದು ಪರದೆಯ ತುಂಬ ಹರಡಿತು. ಡೊಂಬಿವಲಿ ಮತ್ತು ಕಲ್ಯಾಣದ ಕೆಲವು ಸಂಘಗಳ ಕಾರ್ಯದರ್ಶಿಗಳನ್ನು ವಿಚಾರಿಸಿದೆವು. ಅವರ ವಾರ್ಷಿಕ ವರದಿಗಳಿಗೂ ಸ್ಮರಣ ಸಂಚಿಕೆಗಳಿಗೂ ಅದೇ ಗತಿ ಒದಗಿದೆಯೆಂದು ತಿಳಿದುಬಂತು.

ಕಾರಣ ಸರಳವಾದುದು. ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಒಕ್ಕಲು ಕೂರಿಸಿದ್ದುವು. ಆ ಫಾಂಟು ಇಲ್ಲದ ಯಂತ್ರಕ್ಕೆ ಒಳಗಿರುವವರು ಯಾರೆಂಬುದೇ ತಿಳಿಯದು. ಯೂನಿಕೋಡ್ ಎಂಬ ವಿಶ್ವಮಾನ್ಯ ವ್ಯವಸ್ಥೆಯು 1991ರಲ್ಲಿಯೇ ಕನ್ನಡದ ಒಂದೊಂದು ಅಕ್ಷರಕ್ಕೂ ಅದರದೇ ಆದ ಸಂಖ್ಯೆಯನ್ನು ಕೊಟ್ಟಿತ್ತು. ಅದನ್ನು ನಾವು ಕೈಹಿಡಿದುದು ಬಹಳ ತಡವಾಗಿ.

ಇಂತಹ ಪೆಟ್ಟು ನಮಗೆ ಹೊಸತೇನೂ ಅಲ್ಲ. ಹೊಟೇಲಿನ ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ಬಿಲ್ಲು ಬರೆಯುವ ಒಂದು ಪ್ರೋಗ್ರಾಮನ್ನು ಹಣ ಕೊಟ್ಟು ಹಾಕಿಸಿಕೊಂಡಿದ್ದೆವು. ವರುಷವರುಷವೂ ನವೀಕರಣದ ಹಣವನ್ನೂ ತೆತ್ತೆವು. ಒಂದು ಮಳೆಗಾಲದಲ್ಲಿ ಯಂತ್ರ ಕೆಟ್ಟಿತು, ಹೊಸದನ್ನು ತಂದೆವು. ಅಷ್ಟರಲ್ಲಿ ಮಾರಿದಾತ ಅಂಗಡಿ ಮುಚ್ಚಿ ಹೋಗಿದ್ದ. ಅವನು ಕೊಟ್ಟಿದ್ದ ಗುಪ್ತಸಂಖ್ಯೆ ಹೊಸ ಯಂತ್ರದಲ್ಲಿ ನಡೆಯಲಿಲ್ಲ. ಮೂರು ವರುಷಗಳ ವ್ಯಾಪಾರ, ತಿಂಗಳ ಗಿರಾಕಿಗಳ ಬಾಕಿ, ಹುಡುಗರ ಮುಂಗಡದ ಲೆಕ್ಕ, ಎಲ್ಲವೂ ಒಳಗೇ ಉಳಿಯಿತು. ಹುಡುಗರಲ್ಲಿ ಒಬ್ಬನಾದರೂ ತಾನು ಪಡೆದ ಮುಂಗಡವನ್ನು ಮರೆಮಾಚಲಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಗಿರಾಕಿಗಳ ವಿಷಯವನ್ನು ಬಿಡೋಣ.

ಈ ಅನುಭವದಿಂದಲೇ ನಾವು ಮುಕ್ತ ತಂತ್ರಾಂಶದ ಕಡೆಗೆ ತಿರುಗಿದೆವು. ಮುಕ್ತವೆಂದರೆ ಬಿಟ್ಟಿಯೆಂದು ಅನೇಕರು ತಿಳಿದಿದ್ದಾರೆ. ಹಣ ಕೇಳದ ಎಷ್ಟೋ ತಂತ್ರಾಂಶಗಳು ಬೀಗ ಹಾಕಿದವೇ ಆಗಿವೆ. ಹೊಟೇಲಿನ ಬಂಧುಗಳಿಗೆ ಭೇದವನ್ನು ವಿವರಿಸುವುದು ಸುಲಭ. ಸಾಂಬಾರಿನ ಪುಡಿಯ ಅಳತೆಯನ್ನು ಭಟ್ಟರು ತಮ್ಮಲ್ಲೇ ಇಟ್ಟುಕೊಂಡು ಊರಿಗೆ ಹೋದರೆ ಮರುದಿನ ಸಾಂಬಾರು ಕೆಡುತ್ತದೆ. ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟು, ಯಾರೂ ಮಾಡಬಹುದು, ಬೇಕೆನಿಸಿದಂತೆ ತಿದ್ದಬಹುದು, ತಿದ್ದಿದ್ದನ್ನು ಇತರರಿಗೂ ಕೊಡಬಹುದು ಎಂದು ಭಟ್ಟರೇ ಅಪ್ಪಣೆಯಿತ್ತರೆ ಅದು ಮುಕ್ತ. ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೇರಿಕದ ಮಹಾಶಯರು 1983ರಲ್ಲಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಹೋಲುವ, ಆದರೆ ಸರ್ವರಿಗೂ ಸೇರಿದ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದಕ್ಕೆ ಬೇಕಾಗಿದ್ದ ತಿರುಳನ್ನು ಬರೆದರು. ಅದೇ ಲಿನಕ್ಸ್. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಉಗ್ರಾಣದಲ್ಲಿ ಇಂದು ಅರವತ್ತು ಸಾವಿರಕ್ಕೂ ಮಿಕ್ಕಿದ ಪೊಟ್ಟಣಗಳಿವೆ. ಒಂದನ್ನು ಕೇಳಿದರೆ ಅದಕ್ಕೆ ಬೇಕಾದ ಇತರ ಸಾಮಗ್ರಿಗಳೂ ಜೊತೆಯಲ್ಲೇ ಬರುತ್ತವೆ. ಇವುಗಳಲ್ಲಿ 'ಲೈಬ್ರರಿ' ಎಂಬ ಜಾತಿಯೊಂದಿದೆ. ಅದನ್ನು ಗ್ರಂಥಾಲಯವೆಂದು ಅನುವಾದಿಸಿದರೆ ಅನರ್ಥವಾದೀತು. ಅದು ರುಬ್ಬಿಟ್ಟ ಹಿಟ್ಟು. ಒಂದೇ ಹಿಟ್ಟಿನಿಂದ ದೋಸೆಯೂ ಉತ್ತಪ್ಪವೂ ಆಗುವಂತೆ ಒಂದೇ ಲೈಬ್ರರಿಯನ್ನು ನೂರಾರು ಪ್ರೋಗ್ರಾಮುಗಳು ಬಳಸುತ್ತವೆ.

ಇದು ಓದಿದವರ ಮಾತೆಂದು ವಾಚಕರು ಪುಟ ತಿರುವದಿರಲಿ. ತಮ್ಮ ಕಿಸೆಯ ಆಂಡ್ರಾಯ್ಡ್ ಫೋನು ನಡೆಯುವುದು ಲಿನಕ್ಸಿನ ತಿರುಳಿನ ಮೇಲೆಯೇ. ಊರಿನಿಂದ ಅಮ್ಮನ ಸಂದೇಶ ಕನ್ನಡದಲ್ಲಿ ಬಂದಾಗ ಒತ್ತಕ್ಷರಗಳು ತಮ್ಮ ತಮ್ಮ ಸ್ಥಾನದಲ್ಲಿ ಕೂರುವುದು ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿಯ ಕೆಲಸ. 'ಸ್ತ್ರೀ' ಎಂಬ ಒಂದಕ್ಷರವು ಯಂತ್ರದೊಳಗೆ ಆರು ಸಂಖ್ಯೆಗಳಾಗಿರುತ್ತದೆ. ಅವನ್ನು ಕೂಡಿಸಿ, ಯಾವುದು ಕೆಳಗೆ, ಯಾವುದು ಪಕ್ಕಕ್ಕೆ ಎಂದು ನಿರ್ಣಯಿಸಿ ಕಣ್ಣಿಗೆ ಒಪ್ಪುವಂತೆ ಮಾಡುವುದೇ ಅದರ ಕಾಯಕ.

ಈ ಕಾರ್ಯದಲ್ಲಿ ಕನ್ನಡಿಗರ ಪಾಲೂ ಮುಂಬಯಿಯ ಪಾಲೂ ಇವೆಯೆಂಬುದು ನಮಗೆ ಹೆಮ್ಮೆಯ ವಿಷಯ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ದಕ್ಷಿಣ ಕನ್ನಡದ ಕೆ. ಪಿ. ರಾಯರು ಕನ್ನಡಕ್ಕೊಂದು ಕೀಲಿಮಣೆಯ ವಿನ್ಯಾಸವನ್ನು ರಚಿಸಿ, ಅದನ್ನು ಮಾರದೆ ನಾಡಿಗೇ ಒಪ್ಪಿಸಿದರು. ಕರ್ನಾಟಕ ಸರಕಾರವು ಮಾನ್ಯ ಮಾಡಿದ ಆ ವಿನ್ಯಾಸ ಇಂದು ಲಿನಕ್ಸಿನ ಪೊಟ್ಟಣಗಳಲ್ಲಿ ಎಲ್ಲರಿಗೂ ದೊರೆಯುತ್ತದೆ. ಮುಂಬಯಿಯಲ್ಲಿದ್ದ ರಾಷ್ಟ್ರೀಯ ತಂತ್ರಾಂಶ ಕೇಂದ್ರವು ಭಾರತದ ಲಿಪಿಗಳನ್ನು ಲಿನಕ್ಸಿಗೆ ಕಲಿಸಲು 'ಇಂಡಿಕ್ಸ್' ಎಂಬ ಯೋಜನೆಯನ್ನು ಕೈಗೊಂಡಿತ್ತು. ಆ ಕೇಂದ್ರವು ಮುಂದೆ ಸಿ-ಡ್ಯಾಕ್ ಸಂಸ್ಥೆಯಲ್ಲಿ ವಿಲೀನವಾಯಿತು. ನವಿಮುಂಬಯಿಯ ಬಂಧುಗಳು ಖಾರ್ಘರ್‌ನಲ್ಲಿ ದಿನವೂ ಆ ಸಂಸ್ಥೆಯ ಕಟ್ಟಡದ ಮುಂದೆಯೇ ಹಾದುಹೋಗುತ್ತಾರೆ. ಪೊವಾಯಿಯ ಐ.ಐ.ಟಿ.ಯವರು 'ಸ್ಪೋಕನ್ ಟ್ಯುಟೋರಿಯಲ್' ಎಂಬ ಹೆಸರಿನಲ್ಲಿ ಲಿನಕ್ಸ್, ಲಿಬ್ರೆಆಫೀಸ್ ಮೊದಲಾದವನ್ನು ಕಲಿಸುವ ಕಿರುಪಾಠಗಳನ್ನು ಕನ್ನಡದಲ್ಲಿಯೂ ಸಿದ್ಧಪಡಿಸಿದ್ದಾರೆ. ಒಂದೊಂದು ಪಾಠ ಸುಮಾರು ಹತ್ತು ನಿಮಿಷದ್ದು. ಡೊಂಬಿವಲಿಯಿಂದ ಠಾಣೆ ತಲುಪುವುದರೊಳಗೆ ಒಂದೆರಡು ಮುಗಿಯುತ್ತವೆ, ನಿಲ್ಲಲು ಸ್ಥಳ ದೊರೆತರೆ.

ಇನ್ನು ದೂರಿನ ಮಾತು. ಇಷ್ಟು ದೊಡ್ಡ ಉಗ್ರಾಣದಲ್ಲಿ ಕನ್ನಡದ ಮೂಲೆ ಬಹಳ ಬಡವಾಗಿದೆ. 'ಗುಬ್ಬಿ', 'ನವಿಲು' ಎಂಬ ಚೆಲುವಾದ ಎರಡು ಫಾಂಟುಗಳಿವೆ. ಎರಡರ ಹಿಂದೆಯೂ ಅರವಿಂದ ವಿ. ಕೆ. ಎಂಬ ಒಬ್ಬರೇ ಕನ್ನಡಿಗರ ದುಡಿಮೆ ಮುಖ್ಯವಾದುದು. ಕಾಗುಣಿತ ತಿದ್ದುವ ಕನ್ನಡ ಪದಪಟ್ಟಿಯೊಂದಿದೆ. ಅದನ್ನು ನಮ್ಮ ಪುಟಗಳ ಮೇಲೆ ಪ್ರಯೋಗಿಸಿದಾಗ ಸರಿಯಾದ ಪದಗಳ ಕೆಳಗೂ ಕೆಂಪು ಗೆರೆಗಳೇ ಮೂಡಿದುವು. ನೆರೆಯ ಮಲೆಯಾಳಿಗಳನ್ನು ನೋಡಿರಿ. 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಎಂಬ ಸ್ವಯಂಸೇವಕರ ಕೂಟವನ್ನು 2002ರಷ್ಟು ಹಿಂದೆಯೇ ಕಟ್ಟಿಕೊಂಡರು. ಕೇರಳದ ಸರಕಾರಿ ಶಾಲೆಗಳು ಲಿನಕ್ಸಿನಲ್ಲಿಯೇ ಪಾಠ ಹೇಳುತ್ತಿವೆ. ಕನ್ನಡಿಗರಲ್ಲಿಯೂ ದುಡಿಯುವವರಿದ್ದಾರೆ, ಕೈಗಳು ಕಡಿಮೆ.

ಕೈಗಳು ಕಡಿಮೆಯಾದರೆ ಏನಾಗುತ್ತದೆಂಬುದನ್ನು 2024ರ ಮಾರ್ಚಿನಲ್ಲಿ ಜಗತ್ತು ಕಂಡಿತು. ಕಡತಗಳನ್ನು ಒತ್ತಿ ಚಿಕ್ಕದಾಗಿಸುವ 'ಎಕ್ಸ್‌ಜೆಡ್' ಎಂಬ ಪೊಟ್ಟಣವನ್ನು ವರುಷಗಟ್ಟಲೆ ನೋಡಿಕೊಂಡವರು ಫಿನ್ಲೆಂಡಿನ ಒಬ್ಬರೇ ಸ್ವಯಂಸೇವಕರು. ಅವರು ಬಳಲಿದ್ದ ಸಮಯದಲ್ಲಿ ನೆರವಿನ ನೆಪದಿಂದ ಸೇರಿದ ಕಪಟಿಯೊಬ್ಬನು ಎರಡು ವರುಷಕ್ಕೂ ಮಿಕ್ಕಿ ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲೊಂದನ್ನು ಇಟ್ಟನು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಅದನ್ನು ಬಯಲಿಗೆಳೆದರು. ಒಳಗನ್ನು ನೋಡುವ ಅವಕಾಶವಿದ್ದುದರಿಂದ ಕಳ್ಳತನ ಸಿಕ್ಕಿತೆಂಬುದು ನಿಜ. ಕಾವಲಿಗೆ ಇನ್ನೊಬ್ಬರಿದ್ದಿದ್ದರೆ ಕಳ್ಳನು ಒಳಗೆ ಬರುವುದೇ ಕಠಿಣವಾಗುತ್ತಿತ್ತೆಂಬುದೂ ಅಷ್ಟೇ ನಿಜ.

ತಟ್ಟೆ ತೊಳೆದು, ಗುಮಾಸ್ತಿಕೆ ಮಾಡಿ ಬದುಕುವ ನಮ್ಮಿಂದ ಏನಾದೀತು ಎಂದು ಕೇಳಬಹುದು. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಜನ ನಮ್ಮವರು; ಈ ಪ್ರಶ್ನೆ ಅವರಿಗೆ ಶೋಭಿಸದು. ಪ್ರೋಗ್ರಾಮು ಬರೆಯಲು ವಿದ್ಯೆ ಬೇಕು, ಒಪ್ಪಿದೆವು. ಪದಪಟ್ಟಿಗೆ ಪದ ಕೊಡಲು ಕನ್ನಡ ಬಂದರೆ ಸಾಕು. ಅಡಿಗೆಮನೆಯ, ಗಲ್ಲಾದ, ಕಡತದ, ರೈಲಿನ ನಮ್ಮ ನಿತ್ಯದ ಪದಗಳನ್ನು ಬೆಂಗಳೂರಿನ ಇಂಜಿನಿಯರನು ಎಲ್ಲಿಂದ ತಂದಾನು? ತಪ್ಪಾಗಿ ಕಾಣಿಸುವ ಒತ್ತಕ್ಷರವನ್ನು ಗುರುತಿಸಿ ತಿಳಿಸುವುದೂ ಸೇವೆಯೇ. ಹೊಟ್ಟೆಪಾಡಿನ ಮಾತು ಬೇಕೆಂದರೆ ಅದೂ ಇದೆ: ಐರೋಲಿ, ಮಹಾಪೆಗಳಲ್ಲಿ ಎದ್ದಿರುವ ದತ್ತಾಂಶ ಕೇಂದ್ರಗಳಲ್ಲಿ ಲಿನಕ್ಸ್ ಬಲ್ಲ ಹುಡುಗನಿಗೆ ಬಾಗಿಲು ತೆರೆದೀತು.

ನಮ್ಮ ಹಳೆಯ ಪುಟಗಳ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಮುಕ್ತ ಪ್ರೋಗ್ರಾಮೊಂದಿದೆ. ಅದನ್ನು ಬರೆದವರೂ ಮೇಲೆ ಹೇಳಿದ ಅರವಿಂದರೇ. ಅದರಿಂದ ನಾಲ್ಕು ತಿಂಗಳ ಸಂಚಿಕೆಗಳು ಮರಳಿ ಕನ್ನಡವಾಗಿವೆ. ಅಲ್ಲಲ್ಲಿ ಅರ್ಕಾವತ್ತು ತಪ್ಪುತ್ತದೆ, ಕೂತು ತಿದ್ದಬೇಕು. ಶನಿವಾರ ಸಂಜೆಗಳಲ್ಲಿ ನಮ್ಮ ಕಚೇರಿಯಲ್ಲಿ ಈ ಕೆಲಸ ನಡೆಯುತ್ತಿದೆ. ಸಂಘಗಳ ಕಾರ್ಯದರ್ಶಿಗಳು ತಮ್ಮ ಹಳೆಯ ಸೀಡಿಗಳನ್ನು ತರಬಹುದು. ಬರುವಾಗ ಪದಪಟ್ಟಿಗಾಗಿ ಒಂದಿಪ್ಪತ್ತು ಪದಗಳನ್ನು ಚೀಟಿಯಲ್ಲಿ ಬರೆದು ತಂದರೆ ಅವನ್ನೂ ಸೇರಿಸಿ ಕಳುಹಿಸುತ್ತೇವೆ. ಚಹಾದ ವ್ಯವಸ್ಥೆ ನಮ್ಮದು.