ಬಿಸಿಲನ್ನು ಅಳೆಯದ ಟೇಪು

ಇತ್ತಿತ್ತಲಾಗಿ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹೊಸ ಬಡಾವಣೆಗಳಲ್ಲಿ ವಾಸ್ತುಶಾಂತಿ ಮುಗಿದ ಮೇಲೆ ಮತ್ತೊಂದು ಶಾಸ್ತ್ರ ಹುಟ್ಟಿಕೊಂಡಿದೆ. ಅದಕ್ಕೆ ಮುಹೂರ್ತ ಬೇಡ, ಮಂತ್ರ ಬೇಡ. ಒಂದು ಟೇಪು, ಒಂದು ಪೆನ್ಸಿಲು, ಬಟ್ಟೆಯ ತುಣುಕುಗಳನ್ನು ಅಂಟಿಸಿದ ಒಂದು ದಪ್ಪ ಪುಸ್ತಕ ಇದ್ದರೆ ಆಯಿತು. ಕಿಟಕಿಗಳಿಗೆ ‘ಬ್ಲೈಂಡ್ಸ್’ ಹಾಕಿಸುವ ಶಾಸ್ತ್ರವದು. ಅಂಗಡಿಯ ಹುಡುಗ ಬರುತ್ತಾನೆ. ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಮೂರರಲ್ಲಿ ಕಡಿಮೆಯದನ್ನು ಬರೆದುಕೊಳ್ಳುತ್ತಾನೆ. ಎತ್ತರವನ್ನೂ ಹಾಗೆಯೇ ಮೂರು ಕಡೆ ನೋಡುತ್ತಾನೆ. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಚೌಕಟ್ಟು ನೆಟ್ಟಗಿದೆಯೋ ಸೊಟ್ಟಗಿದೆಯೋ ಪರೀಕ್ಷಿಸುತ್ತಾನೆ. ಅವನ ಕೆಲಸಕ್ಕೆ ನಾನು ಹೆಸರಿಡಲಾರೆ. ಗೌಂಡಿಯ ಕೈಯಲ್ಲಿ ಎದ್ದ ಕಿಟಕಿ ಮೇಲೊಂದು ಅಳತೆ, ಕೆಳಗೊಂದು ಅಳತೆ ಇರುವುದು ಸಹಜ. ಕಾಲಿಂಚು ತಪ್ಪಿದರೂ ಬ್ಲೈಂಡು ಚೌಕಟ್ಟಿಗೆ ಸಿಕ್ಕಿಬೀಳುತ್ತದೆ.

ನನ್ನ ತಕರಾರು ಆ ಹುಡುಗನ ಮೇಲಲ್ಲ, ಅವನನ್ನು ಕರೆಸುವ ಯಜಮಾನರ ಮೇಲೆ. ಕಿಟಕಿಯ ಅಳತೆಯಲ್ಲಿ ಕಾಲಿಂಚನ್ನೂ ಬಿಡದ ಈ ಮಹನೀಯರು, ಯಾವುದರ ಕಾಟಕ್ಕೆ ಬ್ಲೈಂಡು ಬೇಕಾಯಿತೋ ಆ ಬಿಸಿಲನ್ನು ಮಾತ್ರ ಒಮ್ಮೆಯೂ ಅಳೆದಿರುವುದಿಲ್ಲ.

ಹೊಸ ಮನೆಯ ಗೃಹಸ್ಥರೊಬ್ಬರನ್ನು ನಾನು ಕೇಳಿದೆ: “ಬ್ಲೈಂಡ್ಸ್ ಯಾಕ್ರೀ?”

“ಸಂಜಿಮುಂದ ಬಿಸಲ ಭಾಳ ಬರ್ತೈತ್ರೀ. ಹಾಲಿನ್ಯಾಗ ಕೂಡಾಕ ಆಗೂದಿಲ್ಲ.”

“ಹಂಗಾರ ಪಡವಣಕ್ಕ ಇಷ್ಟು ದೊಡ್ಡ ಕಿಡಕಿ ಯಾಕ ಬಿಡಿಸಿದ್ರಿ?”

“ಎಲಿವೇಶನ್ನಿಗೆ ಚಲೋ ಕಾಣತೈತಿ ಅಂತ ಇಂಜಿನಿಯರು ಹೇಳಿದ್ರು.”

ಇಡೀ ರೋಗದ ಮೂಲ ಈ ಒಂದು ಉತ್ತರದಲ್ಲಿದೆ. ಕಿಟಕಿಯನ್ನು ಬಿಡಿಸಿದ್ದು ರಸ್ತೆಯಲ್ಲಿ ಹೋಗುವವನು ನೋಡಲೆಂದು. ಅದನ್ನು ಮುಚ್ಚಿಸುವುದು ಮನೆಯೊಳಗಿನವನು ಬದುಕಲೆಂದು. ತೆರೆಯುವುದಕ್ಕೊಮ್ಮೆ ದುಡ್ಡು, ಮುಚ್ಚುವುದಕ್ಕೊಮ್ಮೆ ದುಡ್ಡು. ನಕ್ಷೆಯ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವೇನೋ ಇರುತ್ತದೆ. ಆದರೆ ಅದನ್ನು ನೋಡಿ ಕುಬೇರನ ದಿಕ್ಕು ಯಾವುದೆಂದು ಕೇಳುವವರೇ ಎಲ್ಲರೂ. ಸೂರ್ಯನ ದಾರಿ ಯಾವುದೆಂದು ಕೇಳುವವರಿಲ್ಲ.

ಆ ದಾರಿಯೇನೂ ಗುಟ್ಟಿನದಲ್ಲ. ಈ ಮೂರೂ ಊರುಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 16 ಡಿಗ್ರಿಯಲ್ಲಿವೆ. ಮೇ 5ರ ಸುಮಾರಿಗೆ ಒಮ್ಮೆ, ಆಗಸ್ಟ್ 8ರ ಸುಮಾರಿಗೆ ಇನ್ನೊಮ್ಮೆ, ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ನೆಟ್ಟ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಆದ್ದರಿಂದ ದಕ್ಷಿಣದ ಕಿಟಕಿಗೆ ಒಂದೂವರೆ ಅಡಿಯ ಚಜ್ಜಾ ಇದ್ದರೆ ಬೇಸಿಗೆಯ ನಡುಹಗಲು ಒಳಗೆ ಕಾಲಿಡಲಾರದು. ಪಡುವಣದ ಕಿಟಕಿಯ ಕಥೆಯೇ ಬೇರೆ. ಮೇ ತಿಂಗಳ ಮೊದಲ ವಾರ ಸಂಜೆ 5 ಗಂಟೆಗೆ ಸೂರ್ಯ ದಿಗಂತದಿಂದ ಬರಿಯ 25 ಡಿಗ್ರಿ ಎತ್ತರದಲ್ಲಿರುತ್ತಾನೆ. ಆ ಹೊತ್ತಿನಲ್ಲಿ ಅದೇ ಒಂದೂವರೆ ಅಡಿಯ ಚಜ್ಜಾ ಕೊಡುವ ನೆರಳು ಎಂಟೊಂಬತ್ತು ಇಂಚು. ನಾಲ್ಕಡಿ ಎತ್ತರದ ಕಿಟಕಿಯಲ್ಲಿ ಉಳಿದ ಮೂರಡಿಯ ಮೇಲೆ ಬಿಸಿಲು ನೇರವಾಗಿ ಬಡಿಯುತ್ತದೆ. ಇದಕ್ಕೆ ದೊಡ್ಡ ವಿದ್ಯೆ ಬೇಡ. ಶಾಲೆಯಲ್ಲಿ ಕಲಿತ ತ್ರಿಕೋನದ ಲೆಕ್ಕ ಸಾಕು.

“ಅದಕ್ಕೇ ಅಲ್ಲವೆ ಬ್ಲೈಂಡ್ಸ್?” ಎಂದು ಓದುಗ ಮಹಾಶಯರು ಕೇಳಬಹುದು. ಅಲ್ಲಿಯೇ ಮೋಸ. ಬಿಸಿಲು ಗಾಜನ್ನು ಸುಲಭವಾಗಿ ದಾಟಿ ಒಳಗೆ ಬರುತ್ತದೆ. ಬ್ಲೈಂಡಿನ ಮೇಲೆ ಬಿದ್ದು ಅದನ್ನು ಕಾಯಿಸುತ್ತದೆ. ಕಾದ ಬ್ಲೈಂಡಿನ ಶಾಖ ಬಂದ ದಾರಿಯಲ್ಲಿ ಮರಳಿ ಹೋಗಲು ಗಾಜು ಸುಲಭವಾಗಿ ಬಿಡುವುದಿಲ್ಲ. ಅದು ಕೋಣೆಯ ಗಾಳಿಗೇ ಸೇರುತ್ತದೆ. ಬಿಳಿಯ ಬಣ್ಣದ್ದಾದರೆ ಒಂದಿಷ್ಟು ಬಿಸಿಲನ್ನು ಹಿಂದಕ್ಕೆ ತಳ್ಳೀತು, ನಿಜ. ಆದರೆ ಕಣ್ಣು ಕುಕ್ಕುವುದು ತಪ್ಪಿತೆಂದ ಮಾತ್ರಕ್ಕೆ ಸೆಕೆ ತಪ್ಪಿತೆಂದು ತಿಳಿಯಬಾರದು. ಕಳ್ಳನನ್ನು ಒಳಗೆ ಬಿಟ್ಟುಕೊಂಡು ಆಮೇಲೆ ಅವನ ಮುಂದೆ ಪರದೆ ಎಳೆದಂತೆ ಇದು. ತಡೆಯುವುದಾದರೆ ಗಾಜಿನ ಹೊರಗೇ ತಡೆಯಬೇಕು.

ಇದರ ಫಲ ಉಣ್ಣುವವರು ಯಾರು? ಎಲಿವೇಶನ್ ಮೆಚ್ಚಿದ ಯಜಮಾನರು ಮಧ್ಯಾಹ್ನ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಇರುತ್ತಾರೆ. ಆ ಹೊತ್ತು ಮನೆಯಲ್ಲಿರುವವರು ವಯಸ್ಸಾದ ತಾಯಿ, ಬಾಣಂತಿ, ಕೂಸು, ಒಲೆಯ ಮುಂದಿನ ಹೆಂಗಸು. ಬ್ಲೈಂಡು ಇಳಿಸಿದರೆ ಕತ್ತಲೆ, ಕತ್ತಲೆಯಾದ್ದರಿಂದ ದೀಪ, ಗಾಳಿ ನಿಂತದ್ದರಿಂದ ಫ್ಯಾನು, ಫ್ಯಾನು ಕಾದ ಗಾಳಿಯನ್ನೇ ತಿರುಗಿಸುವುದರಿಂದ ಕೊನೆಗೆ ಎ.ಸಿ. 1887ರಲ್ಲಿಯೇ ಗೋಕಾಕ ಜಲಪಾತದ ನೀರಿನ ಬಲದಿಂದ ವಿದ್ಯುತ್ತು ಹುಟ್ಟಿಸಿದ ನಾಡು ನಮ್ಮದು. 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ಹಳ್ಳಿಗಳಿಗೆ ದೀಪ ತಂದ ತಾಲೂಕು ಹುಕ್ಕೇರಿ. ರಾತ್ರಿಯ ಕತ್ತಲೆ ಓಡಿಸಲು ತಂದ ಆ ವಿದ್ಯುತ್ತನ್ನು ನಾವು ಹಗಲು ಎರಡು ಗಂಟೆಗೆ, ಕೈಯಾರೆ ಮಾಡಿಕೊಂಡ ಕತ್ತಲೆಗೆ ಸುರಿಯುತ್ತಿದ್ದೇವೆ. ಇದಕ್ಕೆ ಸುಧಾರಣೆಯೆಂಬ ಹೆಸರು ಬೇರೆ!

ಕೂಸಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಇರಲಾರೆ. ಬ್ಲೈಂಡಿನ ಜೋತುಬಿದ್ದ ದಾರ ಕೊರಳಿಗೆ ಸುತ್ತಿಕೊಂಡು ಪರದೇಶಗಳಲ್ಲಿ ಎಷ್ಟೋ ಮಕ್ಕಳು ಸತ್ತಿವೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡುಗಳಿಗೆ ದಾರವೇ ಇರಬಾರದು, ಇಲ್ಲವೆ ಅದು ಮಗುವಿಗೆ ಸಿಗದಂತೆ ಅಥವಾ ತೀರ ಗಿಡ್ಡವಾಗಿ ಇರಬೇಕು ಎಂಬ ನಿಯಮ 2018ರ ಡಿಸೆಂಬರದಲ್ಲಿ ಅಮೇರಿಕೆಯಲ್ಲಿ ಜಾರಿಗೆ ಬಂದಿತು. ನಮ್ಮಲ್ಲಿ ಬಟ್ಟೆಯ ಬಣ್ಣಕ್ಕೆ ಮೂರು ದಿನ ಚರ್ಚೆ ನಡೆಸುವವರು ದಾರದ ಉದ್ದವನ್ನು ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಹಳೆಯ ಮನೆಯ ವಕಾಲತ್ತು ಹಿಡಿದು ನಾನು ಬಂದಿದ್ದೇನೆಂದು ಯಾರೂ ಭಾವಿಸಬಾರದು. ಅಜ್ಜನ ಕಾಲದ ಮಾಳಿಗೆ ಮನೆಯಲ್ಲಿ ಗೋಡೆ ದಪ್ಪ, ಕಿಟಕಿ ಸಣ್ಣದು; ನೆತ್ತಿಯ ಮೇಲಿನ ಬೆಳಕಿಂಡಿಯಿಂದ ಬಂದಷ್ಟೇ ಬೆಳಕು. ಹೊರಗಿನ ಬಿಸಿಲು ಆ ಗೋಡೆಯನ್ನು ದಾಟುವಷ್ಟರಲ್ಲಿ ಹೊತ್ತೇ ಮುಳುಗಿರುತ್ತಿತ್ತು. ಹುಕ್ಕೇರಿಯ ಆದಿಲಶಾಹಿ ಗುಮ್ಮಟಗಳೊಳಗೆ ಮೇ ತಿಂಗಳ ಮಧ್ಯಾಹ್ನ ಹೋಗಿ ನಿಂತವರಿಗೆ ದಪ್ಪ ಕಲ್ಲಿನ ಗುಣ ಗೊತ್ತು. ಆದರೆ ಅದೇ ಮಾಳಿಗೆ ಮನೆಯ ಅಡಿಗೆಮನೆಯಲ್ಲಿ ನಮ್ಮ ಅಜ್ಜಿಯರು ಹೊಗೆ ಕುಡಿದು ಕಣ್ಣು ಕಳೆದುಕೊಂಡದ್ದೂ ಅಷ್ಟೇ ನಿಜ. ದೊಡ್ಡ ಕಿಟಕಿ ಬೇಕು. ಗಾಳಿ, ಬೆಳಕು ಬೇಕು. ಬೇಕಾದದ್ದು ಬೇಕಾದ ದಿಕ್ಕಿನಲ್ಲಿರಲಿ ಎಂಬುದಷ್ಟೇ ನನ್ನ ವಾದ.

ಈಗಾಗಲೇ ಕಟ್ಟಿ ಕುಳಿತವರು ಏನು ಮಾಡಬೇಕು? ಟೇಪು ಹಿಡಿದು ಮನೆಯ ಹೊರಗೆ ಬರಬೇಕು. ಚಜ್ಜಾದ ತುದಿಗೆ ಕೊಂಡಿ ಹಾಕಿಸಿ ಬಿದಿರ ತಟ್ಟಿಯನ್ನು ಇಳಿಬಿಡಬೇಕು. ಅದರ ಅಗಲ ಕಿಟಕಿಯಷ್ಟೇ ಇದ್ದರೆ ಸಾಲದು. ಬೇಸಿಗೆಯ ಸೂರ್ಯ ಪಶ್ಚಿಮದಿಂದ ಕೊಂಚ ಉತ್ತರಕ್ಕೆ ಸರಿದು ಇಳಿಯುವುದರಿಂದ ಬದಿಯಿಂದಲೂ ನುಸುಳುತ್ತಾನೆ. ಎರಡೂ ಕಡೆಗೆ ಒಂದೊಂದು ಅಡಿ ಹೆಚ್ಚು ಹಿಡಿಯಿರಿ. ತಟ್ಟಿಗೂ ಗಾಜಿಗೂ ನಡುವೆ ಗಾಳಿ ಆಡುತ್ತದೆ, ಬಿದಿರ ಸಂದಿನಿಂದ ಬೆಳಕೂ ಬರುತ್ತದೆ. ಹೊತ್ತು ಮುಳುಗಿದ ಮೇಲೆ ಸುತ್ತಿ ಮೇಲಕ್ಕೆ ಕಟ್ಟಿ. ಅದರ ದಾರವನ್ನೂ ಎತ್ತರದ ಮೊಳೆಗೆ ಸುತ್ತಿಡಿ. ಇದನ್ನು ಹೆಣೆಯಬಲ್ಲ ಮೇದಾರರು ನಮ್ಮ ನಾಡಿನಲ್ಲಿಯೇ ಇದ್ದಾರೆ. ದುಡ್ಡು ಅವರ ಕೈ ಸೇರಲಿ. ಎದುರು ಮನೆಯವರು ಇಣಿಕುತ್ತಾರೆಂಬ ಚಿಂತೆಗೆ ಅರ್ಧ ಕಿಟಕಿಯ ಹತ್ತಿಬಟ್ಟೆಯ ಪರದೆ ಸಾಕು. ತಟ್ಟಿ ಹಳ್ಳಿಯದಾಗಿ ಕಾಣುತ್ತದೆ ಎನ್ನುವವರಿಗೆ ನನ್ನಲ್ಲಿ ಔಷಧಿಯಿಲ್ಲ. ಅವರು ಬೆವರುತ್ತ ಪಟ್ಟಣಿಗರಾಗಿರಲಿ.

ಇನ್ನು ಕಟ್ಟಲಿರುವವರಿಗೆ ಒಂದು ಮಾತು. ಏಪ್ರಿಲ್ ತಿಂಗಳ ಒಂದು ಸಂಜೆ ನಿಮ್ಮ ಖಾಲಿ ಪ್ಲಾಟಿನಲ್ಲಿ ಒಂದು ಕೋಲು ನೆಡಿರಿ. 3 ಗಂಟೆಗೆ, 4 ಗಂಟೆಗೆ, 5 ಗಂಟೆಗೆ ಅದರ ನೆರಳು ಎಷ್ಟುದ್ದ, ಯಾವ ಕಡೆಗೆ ಎಂಬುದನ್ನು ಅಳೆದು ಬರೆದಿಡಿ. ಬಚ್ಚಲು, ಮೆಟ್ಟಿಲು, ಕಾಳಿನ ಕೋಣೆ ಪಡುವಣಕ್ಕಿರಲಿ. ಆ ಗೋಡೆಗೆ ಸಣ್ಣ ಕಿಟಕಿಯೋ ಜಾಲಂದ್ರವೋ ಇದ್ದರೆ ಸಾಕು. ಅದರಾಚೆ ಜಾಗವಿದ್ದರೆ ಒಂದು ಬೇವು ಬೆಳೆಯಲಿ. ಮಲಗುವ ಕೋಣೆಯ ಕಿಟಕಿ ಪಡುವಣಕ್ಕೇ ಬರಬೇಕೆಂದು ಇಂಜಿನಿಯರು ಹಟ ಹಿಡಿದರೆ ನಿಮ್ಮ ನೆರಳಿನ ಲೆಕ್ಕ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿರಿ: “ಮೇ ತಿಂಗಳ ಸಂಜೆ 5ಕ್ಕೆ ಈ ಕಿಟಕಿಯ ಮೇಲೆ ಎಷ್ಟು ಇಂಚು ನೆರಳು ಬೀಳತೈತ್ರೀ?” ಅದಕ್ಕೆ ಅಂಕಿಯಲ್ಲಿ ಉತ್ತರ ಬರುವವರೆಗೆ ಆ ನಕ್ಷೆಗೆ ರುಜು ಹಾಕಬೇಡಿರಿ, ಒಂದು ರೂಪಾಯಿಯನ್ನೂ ಬಿಚ್ಚಬೇಡಿರಿ.